ಟೋಪಿ ಅಜ್ಜಿಯ ಕಾಯಿದೆ

ನಮ್ಮೂರಿನಲ್ಲಿ ನೆರಿಡಾ ಪೆಂಗೆಲ್ಲಿ ಎದುರಿಗೆ ಬಂದಳೆಂದರೆ ದೊಡ್ಡ ದೊಡ್ಡವರೂ ಒಮ್ಮೆ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಟೋಪಿ ಇದ್ದರೆ ಬಚಾವು. ಇಲ್ಲದಿದ್ದರೆ ಮೀನಂಗಡಿಯೋ ಅಂಚೆ ಕಚೇರಿಯೋ, ನಿಂತಲ್ಲೇ ಮಂಗಳಾರತಿ. ಚರ್ಚಿನ ಪಾದ್ರಿಯನ್ನೂ ಅವಳು ಬಿಟ್ಟವಳಲ್ಲ.

"ಏನ್ ಪಾದ್ರಿಗಳೇ, ಬೋಳುತಲೆ ಬಿಟ್ಕೊಂಡು ಹೊರಟಿದೀರಲ್ಲ, ಅದರ ಮೇಲೊಂದು ಮೊಟ್ಟೆ ಒಡೆದು ಹಾಕ್ಲಾ? ಮಧ್ಯಾಹ್ನದ ಊಟಕ್ಕಾಗತ್ತೆ."

ಅವಳ ಕೆಲಸ ಶಾಲೆಯ ಮುಂದಿನ ರಸ್ತೆಯಲ್ಲಿ ಮಕ್ಕಳನ್ನು ದಾಟಿಸುವುದು. ಕೈಯಲ್ಲಿ ವಾಹನ ನಿಲ್ಲಿಸುವ ದುಂಡನೆಯ ಫಲಕ, ಮೈಮೇಲೆ ಉದ್ದ ತೋಳಿನ ಬಿಳಿ ಕೋಟು, ತಲೆಯ ಮೇಲೆ ಹೆಗಲಿಗೆಲ್ಲ ನೆರಳು ಬೀಳುವಷ್ಟು ಅಗಲದ ಹುಲ್ಲಿನ ಟೋಪಿ. ನಾನು ಅದೇ ಶಾಲೆಯಲ್ಲಿ ಹುಲ್ಲು ಕತ್ತರಿಸುವವನು, ಮುರಿದ ಬೆಂಚು ರಿಪೇರಿ ಮಾಡುವವನು. ಹೆಸರು ಕ್ಲಾರಿ. ಗೇಟಿನ ಪಕ್ಕದ ನನ್ನ ಶೆಡ್ಡಿನಿಂದ ವರ್ಷಗಟ್ಟಲೆ ಅವಳ ದರ್ಬಾರು ನೋಡಿದ್ದೇನೆ. ಸಂಬಳ ಬರುತ್ತಿದ್ದದ್ದು ರಸ್ತೆ ದಾಟಿಸುವುದಕ್ಕೆ. ಟೋಪಿಯ ಉಸಾಬರಿ ಅವಳೇ ಮೈಮೇಲೆ ಎಳೆದುಕೊಂಡದ್ದು. ಟೋಪಿ ಇಲ್ಲದಿದ್ದರೆ ಆಟ ಇಲ್ಲ ಎನ್ನುವ ಕಾಯಿದೆ ಬಿಸಿಲು ಸುಡುವ ಈ ಬ್ರಿಸ್ಬೇನ್ ಕಡೆಯ ಶಾಲೆಗಳಲ್ಲೆಲ್ಲ ಗೋಡೆಯ ಮೇಲೆ ಇರುತ್ತದೆ. ನಮ್ಮ ಶಾಲೆಯಲ್ಲಿ ಅದಕ್ಕೆ ಕೈಕಾಲು ಇದ್ದವು, ಬಾಯಂತೂ ಇದ್ದೇ ಇತ್ತು.

ಗೇಟಿನ ಕಂಬಕ್ಕೆ ಸನ್‌ಸ್ಕ್ರೀನಿನ ದೊಡ್ಡ ಬಾಟಲಿಯೊಂದನ್ನು ಕಟ್ಟಿದ್ದಳು. ಅದನ್ನು ದಾಟದೆ ಯಾವ ಮಗುವೂ ಒಳಗೆ ಹೋಗುವಂತಿರಲಿಲ್ಲ.

"ಅಜ್ಜಿ, ನಾನು ಮನೇಲೇ ಹಚ್ಕೊಂಡು ಬಂದಿದೀನಿ."

"ಎಲ್ಲಿ? ಮೂಗಿನ ಮೇಲೊಂದು ಚುಕ್ಕೆ ಇಟ್ಕೊಂಡು ಬಂದಿದೀಯ. ಬ್ರೆಡ್ಡಿಗೆ ಬೆಣ್ಣೆ ಹಿಂಗೇ ಹಚ್ತೀಯಾ? ಮುಖ ಕುತ್ತಿಗೆ ಸೇರಿ ಒಂದು ಚಮಚ. ಒಂದೊಂದು ಕೈಗೆ ಒಂದೊಂದು ಚಮಚ. ಕಿವಿ ಮಡಚು. ಹಿಂದೆ. ಇನ್ನೂ ಹಿಂದೆ."

"ಇವತ್ತು ಮೋಡ ಇದೆಯಲ್ಲ ಅಜ್ಜಿ."

"ಮೋಡ ಏನು ನಿಮ್ಮಪ್ಪ ಕಟ್ಟಿದ ಚಾವಣಿನಾ? ಸುಡೋದು ಅದರೊಳಗಿಂದಾನೇ ಬರತ್ತೆ. ಹಚ್ಚು."

"ಐದೇ ನಿಮಿಷ ಆಡಿ ಬರ್ತೀನಿ, ಪ್ಲೀಸ್."

ಐದು ನಿಮಿಷ ಎಂಬ ಮಾತು ಕಿವಿಗೆ ಬಿದ್ದರೆ ಅವಳು ಕೆರಳುತ್ತಿದ್ದಳು. "ನಮ್ಮೂರಲ್ಲಿ ಸತ್ತಿರೋರೆಲ್ಲ ಹಿಂಗೆ ಐದೈದು ನಿಮಿಷ ಸೇರಿಸ್ಕೊಂಡೇ ಸತ್ತಿರೋದು ಕಣೋ!" ಎಂದು ಕೂಗುತ್ತಿದ್ದಳು. ಮಗು ಕಿವಿ ಮಡಚುತ್ತಿತ್ತು.

ಗಡಿಯಾರ ನೋಡಲು ಬಾರದ ಚಿಕ್ಕವರಿಗೆ ಬೇರೆ ಪಾಠ. "ನಿನ್ನ ನೆರಳು ನಿನಗಿಂತ ಉದ್ದ ಇದ್ಯಾ, ಆಡ್ಕೋ. ನಿನಗಿಂತ ಗಿಡ್ಡ ಆಯ್ತಾ, ಮರದಡಿಗೆ ಓಡು." ಮಕ್ಕಳು ಆಡುವುದನ್ನು ಅರ್ಧಕ್ಕೆ ಬಿಟ್ಟು ತಮ್ಮ ಕಾಲಬುಡ ನೋಡಿಕೊಂಡು ಗುಲ್‌ಮೊಹರ್ ಮರದ ಕಡೆಗೆ ದೌಡಾಯಿಸುವುದನ್ನು ಕಂಡು ಹೊಸ ಟೀಚರುಗಳು ನಗುತ್ತಿದ್ದರು. ಟೋಪಿ ಅಜ್ಜಿ ಎಂಬ ಹೆಸರು ಮಕ್ಕಳು ಇಟ್ಟದ್ದು. ದೊಡ್ಡವರು ಇಟ್ಟ ಹೆಸರುಗಳೂ ಇದ್ದವು. ಅವನ್ನು ಇಲ್ಲಿ ಬರೆಯುವುದು ಬೇಡ.

ಈ ಹುಚ್ಚು ಅವಳಿಗೆ ಹಿಡಿದದ್ದು ಗಂಡ ಹೋದ ಮೇಲೆ. ಕೀತ್ ಮನೆಗಳಿಗೆ ತಗಡಿನ ಚಾವಣಿ ಹಾಕುವವನು. ಮೇಲಿನಿಂದ ಸೂರ್ಯ, ಕೆಳಗಿನಿಂದ ತಗಡಿನ ಝಳ, ನಡುವೆ ಅಂಗಿಯಿಲ್ಲದ ಕೀತ್. ಅವನ ಹೆಗಲ ಹಿಂದೆ ಒಂದು ಕಂದು ಕಲೆ ಕಂಡಾಗ ತಗಡಿನ ತುಕ್ಕು ಅಂಟಿಕೊಂಡಿದೆ ಎಂದು ನೆರಿಡಾ ಸೋಪು ಹಾಕಿ ಉಜ್ಜಿದಳು. ಹೋಗಲಿಲ್ಲ. ಮರುದಿನವೂ ಉಜ್ಜಿದಳು. ಆ ಕಾಲದಲ್ಲಿ ನಾವೆಲ್ಲ ಹಾಗೇ ಇದ್ದೆವು. ಮೈಮೇಲೆ ಕಾಣುವುದು ಕೊಳೆ, ಮೈಯೊಳಗೆ ಇರುವುದು ರೋಗ ಎಂದು ತಿಳಿದಿದ್ದವರು. ಅದು ಚರ್ಮದ ಕ್ಯಾನ್ಸರ್ ಎಂದು ಡಾಕ್ಟರು ಹೇಳುವ ಹೊತ್ತಿಗೆ ಕೀತನ ಮಿದುಳಿಗೆ ಏರಿತ್ತು.

"ನಾನೇ ಉಜ್ಜಿದೆ ಕ್ಲಾರಿ. ಎರಡೂ ಕೈಯಿಂದ ಉಜ್ಜಿದೆ" ಎಂದು ಅವಳು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದ್ದಾಳೆ. ಆಮೇಲೆ ಆ ಮಾತು ಎತ್ತಲಿಲ್ಲ. ಕಂಡವರಿಗೆಲ್ಲ ಟೋಪಿ ಹಂಚತೊಡಗಿದಳು.

ಊರ ಮಕ್ಕಳನ್ನೆಲ್ಲ ಗೆದ್ದವಳು ಸೋತದ್ದು ತಾನು ಹೆತ್ತ ಮಗನ ಹತ್ತಿರ. ಡಾರಿಲ್ ಅಪ್ಪನ ಕಸುಬು ಹಿಡಿದ, ಅಪ್ಪನ ಏಣಿಯನ್ನೇ ಹತ್ತಿದ. ಅಂಗಿ ಹಾಕುತ್ತಿದ್ದ, ಅಷ್ಟರಮಟ್ಟಿಗೆ ಅಮ್ಮ ಗೆದ್ದಿದ್ದಳು. ತಲೆಗೆ ಮಾತ್ರ ಮುಂದೆ ಚುಂಚಿರುವ ಕ್ಯಾಪು. ಅಗಲ ಟೋಪಿ ಚಾವಣಿಯ ಗಾಳಿಗೆ ಹಾರುತ್ತದೆ ಎಂಬ ನೆಪ. ಕ್ಯಾಪು ಹಣೆಗೆ ನೆರಳು ಕೊಡುತ್ತದೆ, ಕಿವಿಗೆ ಕೊಡುವುದಿಲ್ಲ. ಅವನ ಬಲಗಿವಿಯ ಮೇಲಂಚಿನಲ್ಲಿ ಒಂದು ಹುಣ್ಣು ಎದ್ದಿತು. ಹಕ್ಕಳೆ ಕಟ್ಟುವುದು, ಉದುರುವುದು, ಒಂದಿಷ್ಟು ರಕ್ತ, ಮತ್ತೆ ಹಕ್ಕಳೆ. ನೆರಿಡಾಳ ಜೀವವೆಲ್ಲ ಆ ಕಿವಿಯಂಚಿಗೆ ಬಂದು ಕೂತಿತು. ಅವನನ್ನು ಒಮ್ಮೆ ಡಾಕ್ಟರ ಮುಂದೆ ಕೂರಿಸಿಬಿಟ್ಟರೆ ಸಾಕು, ಬೇರೇನೂ ಅವಳಿಗೆ ಬೇಕಿರಲಿಲ್ಲ.

ಭಾನುವಾರ ಡಾರಿಲ್ ಹಿತ್ತಲಿನಲ್ಲಿ ಮಾಂಸ ಸುಡುವಾಗ ನನ್ನನ್ನೂ ಕರೆಯುತ್ತಿದ್ದರು. ಪ್ರತಿ ಸಲವೂ ಅದೇ ನಾಟಕ.

"ಡಾರಿಲ್, ಆ ಕಿವಿ."

"ಅಮ್ಮಾ, ಶುರು ಮಾಡ್ಬೇಡ. ಸಾಸೇಜ್ ತಿನ್ನು, ಆರಿಹೋಗತ್ತೆ."

"ಡಾಕ್ಟರಿಗೆ ತೋರಿಸ್ತೀನಿ ಅಂದಿದ್ದೆ."

"ತೋರಿಸ್ತೀನಿ. ಈಗ ಹಿಡಿದಿರೋ ಚಾವಣಿ ಮುಗೀಲಿ."

"ಹೋದ ವರ್ಷಾನೂ ಯಾವುದೋ ಚಾವಣಿ ಮುಗೀಬೇಕಿತ್ತು."

"ಜನ ಮನೆ ಕಟ್ಟೋದು ನಿಲ್ಸಿಲ್ಲ, ನಾನೇನ್ ಮಾಡ್ಲಿ? ಕ್ಲಾರಿ ಮಾಮ, ನೀವಾದ್ರೂ ಹೇಳಿ, ಇದು ಗಡ್ಡ ಬೋಳಿಸುವಾಗ ಕುಯ್ದಿದ್ದು ಅಂತ."

"ಕಿವಿ ಮೇಲೆ ಗಡ್ಡ ಬೆಳೆಯೋದು ಈ ಊರಲ್ಲಿ ನಿಂಗೊಬ್ಬನಿಗೇ ಇರ್ಬೇಕು" ಎಂದೆ.

ಅವನ ಮಗಳು ಪಿಪ್ಪಾ ಕಿಸಕ್ಕನೆ ನಕ್ಕಳು. ಆಗಷ್ಟೇ ಶಾಲೆಗೆ ಸೇರಿದ್ದ ಹುಡುಗಿ. ಕೆಂಚು ಕೂದಲು, ಹಾಲಿನಂಥ ಮೈ, ಅಜ್ಜಿಯ ನಾಲಿಗೆ. ಸನ್‌ಸ್ಕ್ರೀನಿನ ಬಾಟಲಿ ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ನಿಂತಳು.

"ಅಪ್ಪ, ಕಿವಿ ಮಡಚು. ಹಿಂದೆ. ಇನ್ನೂ ಹಿಂದೆ."

ಆ ಆರಡಿ ಗಂಡಸು ಕತ್ತು ಬಗ್ಗಿಸಿ ಕೂತು ಮಗಳ ಕೈಯಲ್ಲಿ ಹಚ್ಚಿಸಿಕೊಂಡ. ಹುಣ್ಣಿಗೆ ಬೆರಳು ತಾಗಿದಾಗ ಉರಿದಿರಬೇಕು, ತಲೆ ಸರಿಸಲಿಲ್ಲ. ಒಳ್ಳೆಯ ಅಪ್ಪ ಅವನು, ಅದರಲ್ಲಿ ಎರಡು ಮಾತಿಲ್ಲ. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ.

"ಸೋಮಾರಿ ನಿನ್ನ ಮಗ" ಎಂದು ವಾಪಸು ಬರುವಾಗ ನಾನು ರೇಗಿದೆ.

"ಸೋಮಾರಿತನ ಅಲ್ಲ ಮಾರಾಯ, ಭಯ. ಅವರಪ್ಪ ಡಾಕ್ಟರ ಹತ್ರ ಹೋದ ದಿನದಿಂದಾನೇ ಸಾಯೋಕೆ ಶುರು ಮಾಡಿದ ಅಂತ ಅವನ ತಲೇಲಿ ಕೂತಿದೆ. ಹೋಗದೇ ಇದ್ರೆ ಏನೂ ಆಗಲ್ಲ ಅನ್ಕೊಂಡಿದಾನೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು. "ಬಿಡಲ್ಲ ನಾನು. ಜುಟ್ಟು ಹಿಡಿದಾದ್ರೂ ಕರ್ಕೊಂಡು ಹೋಗ್ತೀನಿ."

ಊರಿನವರ ಕಿವಿ, ಕತ್ತು, ಬೆನ್ನು ಎಲ್ಲ ಇಣುಕಿ ನೋಡಿದವಳ ಮೊಣಕಾಲಿನ ಹಿಂದೆ ಏನಿದೆ ಎಂದು ನೋಡುವವರು ಯಾರೂ ಇರಲಿಲ್ಲ. ತನ್ನ ಮೈಯಲ್ಲಿ ತನಗೆ ಕಾಣದ ಜಾಗ ಅದು. ಕೀತ್ ಇದ್ದಿದ್ದರೆ ಕಾಣುತ್ತಿತ್ತೇನೋ. ತೊಡೆಸಂದಿಯಲ್ಲಿ ಗಂಟೊಂದು ಎದ್ದು ನಡೆಯಲು ಕಷ್ಟವಾದ ಮೇಲೆ ಅವಳನ್ನು ನನ್ನ ಗಾಡಿಯಲ್ಲಿ ಬಂಡಾಬರ್ಗಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಗೆ ಬಾ, ಒಬ್ಬಳೇ ಕೇಳುವುದಕ್ಕೆ ಧೈರ್ಯವಿಲ್ಲ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವಳನ್ನು ಮಗ್ಗುಲಾಗಿ ಮಲಗಿಸಿ, ಕಾಲು ಎತ್ತಿ, ಅಲ್ಲೇ ಕೈ ನಿಲ್ಲಿಸಿದರು. ಕಪ್ಪು ಕಲೆ. ಅಂಚು ಹರಿದ ಹಾಗೆ. ಆಮೇಲೆ ಪರೀಕ್ಷೆಗಳು ಆದವು, ಶ್ವಾಸಕೋಶಕ್ಕೂ ಹೋಗಿದೆ ಎಂದರು.

"ಟೋಪಿ ಇಲ್ಲದೆ ನಾನು ಹೊಸಿಲು ದಾಟಿದೋಳಲ್ಲ ಡಾಕ್ಟ್ರೇ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

"ಯಾವಾಗಿನಿಂದ?"

"ಗಂಡ ಹೋದಾಗಿನಿಂದ."

"ಅದಕ್ಕೆ ಮುಂಚೆ? ಹುಡುಗಿಯಾಗಿದ್ದಾಗ?"

ನೆರಿಡಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಹುಡುಗರಾಗಿದ್ದಾಗ ರಜೆ ಬಂತೆಂದರೆ ನಾವೆಲ್ಲ ಕಡಲ ದಂಡೆಯ ಮರಳ ಮೇಲೇ ಇರುತ್ತಿದ್ದೆವು. ಹುಡುಗಿಯರು ಮೈಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು, ಮಗುಚಿ ಹಾಕಿದ ಹಪ್ಪಳದ ಹಾಗೆ ಮಧ್ಯಾಹ್ನವೆಲ್ಲ ಹೊರಳುತ್ತಿದ್ದರು. ಕಂದು ಬಣ್ಣಕ್ಕೆ ತಿರುಗಿದರೆ ಚೆಲುವೆ, ಬಿಳಿಚಿಕೊಂಡಿದ್ದರೆ ರೋಗಿಷ್ಠೆ. ಬೊಬ್ಬೆ ಎದ್ದು ಒಡೆದ ಮೇಲೆ ಒಬ್ಬರ ಬೆನ್ನಿನ ಚರ್ಮ ಒಬ್ಬರು ಸುಲಿಯುವುದು ನಮಗೆ ಆಟ. ಯಾರು ಹರಿಯದಂತೆ ಉದ್ದಕ್ಕೆ ಎಳೆಯುತ್ತಾರೋ ಅವರು ಗೆದ್ದಂತೆ. ನೆರಿಡಾಳ ಕಾಲುಗಳಿಂದ ಎಳೆದ ಚರ್ಮ ಬೆಳಕಿಗೆ ಹಿಡಿದರೆ ಈರುಳ್ಳಿಯ ಸಿಪ್ಪೆಯ ಹಾಗೆ ಕಾಣುತ್ತಿತ್ತು.

"ಆಗ ಬಿತ್ತಿದ್ದು ಈಗ ಎದ್ದಿರಬೇಕು" ಎಂದರು ಡಾಕ್ಟರಮ್ಮ. "ಟೋಪಿ ಮುಂದಿನದನ್ನ ತಡೆಯತ್ತೆ. ಹಿಂದೆ ಆಗಿಹೋಗಿದ್ದನ್ನ ಪೂರ್ತಿ ಅಳಿಸೋಕಾಗಲ್ಲ. ಆದ್ರೂ ನೀವು ಮಾಡಿದ್ದು ದಂಡ ಅಲ್ಲ. ಬೇಗ ಕಂಡಿದ್ರೆ ತೆಗೆದುಹಾಕಬಹುದಿತ್ತು, ಅಷ್ಟೆ."

ವಾಪಸು ಬರುವಾಗ ಕಬ್ಬಿನ ಗದ್ದೆಗಳು ಮುಗಿಯುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಅಳುತ್ತಾಳೆಂದು ನಾನು ಕರವಸ್ತ್ರ ಹುಡುಕುತ್ತಿದ್ದೆ.

"ಕ್ಲಾರಿ, ಡಾರಿಲ್‌ಗೆ ಹಾರ್ಟು ಅಂತ ಹೇಳೋಣ್ವಾ?"

"ಏನಂತ?"

"ಹಾರ್ಟಿನ ತೊಂದರೆ ಅಂತ. ಇದು ಅಂತ ಗೊತ್ತಾದ್ರೆ ಅವನು ಆ ಕಿವಿ ಯಾರಿಗೂ ತೋರಿಸಲ್ಲ."

ಸಾಯುವ ಸುದ್ದಿ ಕೇಳಿ ಬಂದವಳ ತಲೆಯಲ್ಲಿ ಓಡುತ್ತಿದ್ದದ್ದು ಇದು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಸುಳ್ಳು ಎಷ್ಟು ದಿನ ನಿಲ್ಲುತ್ತದೆ, ನಮ್ಮೂರಿನಲ್ಲಿ ಸುದ್ದಿ ಗಾಡಿಗಿಂತ ಮುಂಚೆ ಮನೆ ಸೇರುತ್ತದೆ ಎಂದೆ. ಹಾಗೇ ಆಯಿತು.

ಟೋಪಿ ಅಜ್ಜಿಗೇ ಬಂತಂತೆ! ಒಂದು ವಾರ ಊರಿನಲ್ಲಿ ಬೇರೆ ಮಾತಿಲ್ಲ. ಅಯ್ಯೋ ಎಂದವರು ಇದ್ದರು, ನಿಜವಾಗಿಯೇ ಕಣ್ಣೀರು ಹಾಕಿದರು. ಆದರೆ ಅಯ್ಯೋ ಎಂದ ಬಾಯಿಂದಲೇ ಇನ್ನೊಂದು ಮಾತೂ ಬರುತ್ತಿತ್ತು. ಪಬ್ಬಿನಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಮೀನುಗಾರನೊಬ್ಬ, "ವರ್ಷಾನುಗಟ್ಲೆ ಅಷ್ಟೊಂದು ಮೆತ್ಕೊಂಡು ಏನ್ ಬಂತು ಹೇಳು? ಬರೋದಿದ್ರೆ ಬಂದೇ ಬರತ್ತೆ. ಹಣೆಬರಹ" ಎಂದ. ಉಳಿದವರು ತಲೆ ಆಡಿಸಿದರು. ಬಿಸಿಲಿನಲ್ಲಿ ಬೆಂದ ಮುಖಗಳಲ್ಲಿ ಒಂದು ನೆಮ್ಮದಿ ಕಂಡಿತು ನನಗೆ, ಸಾಲ ಮನ್ನಾ ಆದವರ ನೆಮ್ಮದಿ. ಗ್ಲಾಸು ಕುಕ್ಕಿ ಎದ್ದು ಬಂದೆ. ಅವತ್ತಿನಿಂದ ಗೇಟಿನ ಬಾಟಲಿ ಬೇಗ ಖಾಲಿಯಾಗುವುದು ನಿಂತಿತು. ಅವಳ ಜಾಗಕ್ಕೆ ಬಂದವನು ರಸ್ತೆ ಮಾತ್ರ ದಾಟಿಸುತ್ತಿದ್ದ.

ಡಾರಿಲ್ ಸಂಜೆ ಸಂಜೆ ಬಂದು ಅಮ್ಮನ ಹತ್ತಿರ ಕೂರುತ್ತಿದ್ದ. ಮೊದಮೊದಲು ಬರೀ ಅಳುತ್ತಿದ್ದ. ಒಂದು ದಿನ ನಾನೂ ಇದ್ದೆ. ಅವಳು ವರಾಂಡದ ಕುರ್ಚಿಯಲ್ಲಿ ಕಾಲಿನ ಮೇಲೆ ದುಪ್ಪಟಿ ಹೊದ್ದು ಕೂತಿದ್ದಳು. ಎಲುಬು ಚರ್ಮ ಉಳಿದಿತ್ತು, ಮಾತಿನ ಖಾರ ಹಾಗೇ ಇತ್ತು.

"ಕಿವಿ ತೋರಿಸಿದ್ಯಾ?"

"ಈಗಲೂ ಅದೇನಾ ಅಮ್ಮಾ? ಊರಿಗೆಲ್ಲ ಹಚ್ಚಿದೆ, ನೀನೂ ಹಚ್ಕೊಂಡೆ. ಏನಾಯ್ತು? ನಿಂಗೇ ಬಂತಲ್ಲ!"

"ನನ್ನ ಕಾಲು ಸುಟ್ಟಿದ್ದು ಟೋಪಿ ಹಾಕೋಕೆ ಮುಂಚೆ ಕಣೋ. ಹುಡುಗಿಯಾಗಿದ್ದಾಗ."

"ಹಂಗಾದ್ರೆ ನಂದೂ ಆವಾಗ್ಲೇ ಸುಟ್ಟಾಗಿದೆ. ಈಗ ನೋಡಿ ಏನ್ ಮಾಡೋದು?"

ಈ ಹಾಳಾದವನಿಗೆ ಯಾವ ಕಡೆಯಿಂದ ದಾರಿ ತೋರಿಸಿದರೂ ಅದು ಡಾಕ್ಟರ ಮನೆಗೆ ಹೋಗುತ್ತಿರಲಿಲ್ಲ. ಎದ್ದು ನಾಲ್ಕು ಬಾರಿಸೋಣ ಅನ್ನಿಸಿತು ನನಗೆ.

"ಬೇಗ ಕಂಡ್ರೆ ತೆಗೀಬಹುದಿತ್ತು ಅಂದ್ರು ಡಾರಿಲ್. ನಂದು ಯಾರಿಗೂ ಕಾಣ್ಲಿಲ್ಲ. ನಿಂದು ನಂಗೆ ಕಾಣ್ತಿದೆ. ಇಲ್ಲಿಂದಾನೇ ಕಾಣ್ತಿದೆ." ಅವಳ ದನಿ ಒಡೆಯಿತು. "ನಿಮ್ಮಪ್ಪಂದು ಕಂಡೂ ನಾನು ಉಜ್ಜಿದೆ. ನಿಂದನ್ನ ಏನ್ ಮಾಡ್ಲಿ ಹೇಳು?"

"ಆಯ್ತಮ್ಮ. ಹೋಗ್ತೀನಿ. ಈ ವಾರಾನೇ ಹೋಗ್ತೀನಿ. ಅಳ್ಬೇಡ."

ಅವನು ಹೋದ ಮೇಲೆ ಅವಳು ಬಹಳ ಹೊತ್ತು ರಸ್ತೆಯ ಕಡೆಗೇ ನೋಡುತ್ತಿದ್ದಳು.

"ಹೋಗಲ್ಲ ಅವನು. ಅವರಪ್ಪಾನೂ ಹಿಂಗೇ, ಕಣ್ಣು ತಪ್ಪಿಸಿ ಆಯ್ತು ಅನ್ನೋನು." ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಮಣ್ಣಿಗೆ ಜನ ಬರ್ತಾರೆ ತಾನೆ ಕ್ಲಾರಿ?"

"ಊರೇ ಬರತ್ತೆ. ಬೈಸ್ಕೊಂಡೋರೆಲ್ಲ ಬಂದ್ರೂ ಜಾಗ ಸಾಲಲ್ಲ."

"ಹಂಗಾದ್ರೆ ಬೆಳಿಗ್ಗೆ ಬೇಗ ಮುಗಿಸಿ. ಯಾರೂ ಟೋಪಿ ತೆಗೀಬಾರ್ದು. ನೀನೇ ಎದ್ದು ನಿಂತು ಹೇಳ್ಬೇಕು. ಗುಂಡಿ ಹತ್ರ ಬಂದ ತಕ್ಷಣ ಸತ್ತೋರಿಗೆ ಮರ್ಯಾದೆ ಅಂತ ಗಂಡಸರ ಕೈ ತಾನಾಗೇ ಟೋಪಿಗೆ ಹೋಗತ್ತೆ, ನಂಗೆ ಗೊತ್ತು. ಮಕ್ಕಳು ನೋಡ್ತಿರ್ತಾರೆ. ಪಿಪ್ಪಾ ನೋಡ್ತಿರ್ತಾಳೆ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಡಾರಿಲ್ ಆ ವಾರ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ. ಕ್ರಿಸ್‌ಮಸ್ಸಿಗೆ ಬರುವ ನಮ್ಮ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಹೊಸದರಲ್ಲಿ, ಫೆಬ್ರವರಿಯ ಉರಿಯಲ್ಲಿ, ನೆರಿಡಾ ಹೋದಳು.

ಬೆಳಿಗ್ಗೆ ಬೇಗ ಎಂದರೆ ಯಾರೂ ಒಪ್ಪಲಿಲ್ಲ. ಬ್ರಿಸ್ಬೇನಿನಿಂದ ನೆಂಟರು ಬರಬೇಕು, ಮಧ್ಯಾಹ್ನದ ಊಟಕ್ಕೆ ಸರಿಹೋಗಬೇಕು ಎಂದು ಹನ್ನೊಂದಕ್ಕೆ ಇಟ್ಟುಕೊಂಡರು. ಚರ್ಚಿನಿಂದ ಗುಂಡಿಯ ಹತ್ತಿರ ಬರುವ ಹೊತ್ತಿಗೆ ಹನ್ನೆರಡು ಹತ್ತಿರ. ನಮ್ಮೂರ ಸ್ಮಶಾನದಲ್ಲಿ ಒಂದು ಮರವಿಲ್ಲ. ಶಾಲೆಯ ಮಕ್ಕಳು ಎರಡು ಸಾಲು ಮಾಡಿ ನಿಂತಿದ್ದರು, ಎಲ್ಲರ ತಲೆಯ ಮೇಲೂ ಅಗಲವಾದ ನೀಲಿ ಟೋಪಿ.

ಪಾದ್ರಿ ಪುಸ್ತಕ ತೆರೆಯುವ ಮುಂಚೆ ಮುಂದೆ ಹೋಗಿ ಅವಳು ಹೇಳಿದ್ದನ್ನು ಹೇಳಿದೆ. "ಯಾರೂ ಟೋಪಿ ತೆಗೀಬಾರ್ದಂತೆ. ತೆಗೆದ್ರೆ ಎದ್ದು ಬಂದು ಬೈತಾಳೆ." ಕೊನೆಯ ಮಾತು ನಾನು ಸೇರಿಸಬಾರದಿತ್ತು. ಜನ ಅಳುತ್ತಲೇ ನಕ್ಕರು. "ಅವಳ ಬಾಯಿಗೆ ಅವಳೇ ಸಾಟಿ", "ಕೊನೇವರೆಗೂ ಬಿಡ್ಲಿಲ್ಲ ನೋಡು" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಅವಳ ತಮಾಷೆ ಎಂದುಕೊಂಡರು.

ಪೆಟ್ಟಿಗೆ ಇಳಿಸಲು ಹಗ್ಗ ಹಿಡಿದದ್ದೇ ತಡ, ಗಂಡಸರ ಕೈಗಳು ಮೇಲೆದ್ದವು. ಅವಳು ಹೇಳಿದ ಹಾಗೆಯೇ. ಒಬ್ಬರದಾದ ಮೇಲೆ ಒಬ್ಬರದು, ಟೋಪಿಗಳು ಎದೆಗೆ ಬಂದವು. ಪಾದ್ರಿಯ ಬೋಳುತಲೆ ಹೊಳೆಯಿತು. ಹೆಡ್‌ಮಿಸ್ಟ್ರೆಸ್ ಮಕ್ಕಳ ಕಡೆ ತಿರುಗಿ ಕೈಸನ್ನೆ ಮಾಡಿದರು. ಮಕ್ಕಳು ಗಲಿಬಿಲಿಯಿಂದ ಮುಖ ಮುಖ ನೋಡಿಕೊಂಡು, ದೊಡ್ಡವರು ಹೇಳಿದ ಮೇಲೆ ಸರಿಯಿರಬೇಕು ಎಂದು ನೀಲಿ ಟೋಪಿಗಳನ್ನು ತೆಗೆದರು. ನಾನು ತೆಗೆಯಲಿಲ್ಲ.

"ಟೋಪಿ ತೆಗಿಯಯ್ಯಾ" ಎಂದು ಹಿಂದಿನಿಂದ ಯಾರೋ ಹಲ್ಲು ಕಡಿದರು. "ಸತ್ತೋರಿಗೆ ಮರ್ಯಾದೆ ಕೊಡೋದೂ ಗೊತ್ತಿಲ್ವಾ?"

ಡಾರಿಲ್ ನನ್ನ ಎದುರಿಗೇ ಇದ್ದ. ಕ್ಯಾಪನ್ನು ಮುದ್ದೆ ಮಾಡಿ ಹಿಡಿದಿದ್ದ. ಕಿವಿಯ ಮೇಲಿನದು ಈಗ ಬಟಾಣಿಯಷ್ಟು ದಪ್ಪವಾಗಿತ್ತು, ಅಂಚಿನಲ್ಲಿ ರಕ್ತ ಒಣಗಿತ್ತು. ಅವನ ಪಕ್ಕದಲ್ಲಿ ಪಿಪ್ಪಾ. ಅವಳೊಬ್ಬಳು ಎರಡೂ ಕೈಯಿಂದ ಟೋಪಿಯ ಅಂಚನ್ನು ಬಿಗಿಯಾಗಿ ಕೆಳಕ್ಕೆ ಎಳೆದುಕೊಂಡು ನಿಂತಿದ್ದಳು.

ಡಾರಿಲ್ ಅವಳ ಮುಂದೆ ಮಂಡಿಯೂರಿದ. ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದ.

"ಅಜ್ಜಿಗೋಸ್ಕರ, ಪುಟ್ಟಾ. ಐದೇ ನಿಮಿಷ."

"ಅಜ್ಜಿ ಬೈತಾಳೆ ಅಪ್ಪ."

"ಇಲ್ಲ ಪುಟ್ಟಾ" ಎಂದ ಅವನು, ಅಳು ತಡೆಯಲಾಗದೆ. "ಇನ್ಮೇಲೆ ಅಜ್ಜಿ ಬೈಯಲ್ಲ."

ಟೋಪಿ ಅವನ ಕೈಗೆ ಬಂತು. ಕೆಂಚು ಕೂದಲಿನ ನಡುವೆ ಬೈತಲೆ ಬೆಳ್ಳಗೆ, ಒಂದು ಗೆರೆ ಎಳೆದ ಹಾಗೆ ಕಂಡಿತು. ಪಾದ್ರಿ ಓದತೊಡಗಿದರು. ದೊಡ್ಡ ಪ್ರಾರ್ಥನೆ. ಮಗುವಿನ ತಲೆಗೆ ನೆರಳಾಗಲಿ ಎಂದು ನಾನು ಜನರನ್ನು ಸರಿಸಿಕೊಂಡು ಹೋಗಿ ಅವಳ ಪಕ್ಕದಲ್ಲಿ ನಿಂತೆ, ಇತ್ತ ಸರಿದೆ, ಅತ್ತ ಸರಿದೆ. ಪಿಪ್ಪಾ ತನ್ನ ಕಾಲಬುಡ ನೋಡಿಕೊಂಡಳು, ನನ್ನ ಕಾಲಬುಡವನ್ನೂ ನೋಡಿದಳು. ನನ್ನ ನೆರಳು ನನ್ನ ಬೂಟುಗಳ ಸುತ್ತಲೇ ಮುದುಡಿ ಬಿದ್ದಿತ್ತು.

"ಕ್ಲಾರಿ ತಾತ, ಗಿಡ್ಡ ಆಗೋಯ್ತು" ಎಂದಳು. "ಎಲ್ಲಿಗೆ ಓಡೋದು?"